ಹೂಮಳೆಯಿಂದ ಎಷ್ಟನೇ ದಿನ? ಕೊಡಗಿನ ಹಿತ್ತಲಲ್ಲಿ ಹಕ್ಕಿ, ಹುಳ, ಹವೆ ಗಮನಿಸುವ ಕ್ರಮ

ಫೆಬ್ರವರಿ ಅರ್ಧ ಕಳೆಯಿತೆಂದರೆ ಕೊಡಗಿನಲ್ಲಿ ಫೋನ್ ಎತ್ತಿದವರು ಕ್ಷೇಮಸಮಾಚಾರಕ್ಕೂ ಮೊದಲು ಕೇಳುವುದು ಒಂದೇ ಮಾತು: "ನಿಮ್ಮಲ್ಲಿ ಎಷ್ಟು ಬಿತ್ತು?" ಸುಂಟಿಕೊಪ್ಪದವರಿಗೆ ಒಂದು ಇಂಚು ಬಿದ್ದ ಸಂಜೆಯೇ ಸಿದ್ದಾಪುರದವರು ಬರೀ ಗುಡುಗು ಕೇಳಿಸಿಕೊಂಡು ಮಲಗಿರುತ್ತಾರೆ. ಕಾಫಿ ಮೊಗ್ಗನ್ನು ಅರಳಿಸುವ ಈ ಮೊದಲ ಮಳೆಯೇ ಹೂಮಳೆ. ಕಾಫಿ ಬೆಳೆಯುವವರಿಗೆ ಆ ಒಂದು ಮಳೆ ವರ್ಷದ ಫಸಲು. ಹಿತ್ತಲಲ್ಲಿ ಕೂತು ಹಕ್ಕಿ, ಹುಳ, ಮೋಡ ನೋಡುವವರಿಗೂ ಅದೇ ಮಳೆ ವರ್ಷದ ಬಾಗಿಲು. ಚಳಿ ಮುಗಿದು ಜೇನು, ಕಪ್ಪೆ, ಗೆದ್ದಲು, ಚಿಗುರು, ಹೂವು ಎಲ್ಲ ಏಳುವುದು ಆ ಮಳೆಯನ್ನು ಹಿಡಿದುಕೊಂಡೇ.

ಅದಕ್ಕೇ ನನ್ನ ಸಲಹೆ ಇಷ್ಟು. ಹಕ್ಕಿಗೊಂದು ಪುಸ್ತಕ, ಮಳೆಗೊಂದು ಪುಸ್ತಕ ಎಂದು ಬೇರೆ ಮಾಡಬೇಡಿ. ಒಂದೇ ಪುಟದಲ್ಲಿ ಎರಡನ್ನೂ ಬರೆಯಿರಿ, ತಾರೀಕಿನ ಪಕ್ಕದಲ್ಲಿ "ಹೂಮಳೆಯಿಂದ ಎಷ್ಟನೇ ದಿನ" ಎಂದು ಬರೆಯಿರಿ. ಈ ಒಂದು ಅಂಕಿ ಸೇರಿಸಿದ ಮೇಲೆ ನನ್ನ ಹಳೆಯ ಪುಟಗಳೆಲ್ಲ ನನಗೇ ಅರ್ಥವಾಗತೊಡಗಿದವು. ಫೆಬ್ರವರಿ ಮೊದಲ ವಾರದಿಂದ ಏಪ್ರಿಲ್ ನಡುವೆ ಬರುವ ಕೊಡವರ ಹೊಸ ವರ್ಷ ಎಡ್‌ಮ್ಯಾರ್ ಒಂದರವರೆಗೆ, ಅಂದರೆ ಸುಮಾರು ಹತ್ತು ವಾರ, ಈ ಕೆಲಸ ಹೇಗೆ ಮಾಡಬೇಕೆಂದು ಮುಂದೆ ಹೇಳುತ್ತೇನೆ.

ಜಾಗ ಮತ್ತು ಹೊತ್ತು

ಇಡೀ ತೋಟ ಸುತ್ತುವುದು ಬೇಡ. ಕೂತಲ್ಲಿಂದ ಒಂದು ಎತ್ತರದ ಮರ, ಒಂದಿಷ್ಟು ಪೊದೆ, ತುಸು ಬಯಲು ನೆಲ ಕಾಣುವಂಥ ಒಂದು ಜಾಗ ಹುಡುಕಿ. ಹಿಂದಿನ ಜಗಲಿ, ಬಟ್ಟೆ ಒಗೆಯುವ ಕಲ್ಲು, ಕಾಫಿ ಒಣಗಿಸುವ ಕಣದ ಅಂಚು, ಯಾವುದಾದರೂ ಆದೀತು. ದಿನವೂ ಅದೇ ಜಾಗ, ಅದೇ ಕುರ್ಚಿ. ಇವತ್ತು ಕಂಡದ್ದನ್ನು ನಿನ್ನೆಯದರ ಜೊತೆ ಹೋಲಿಸಲು ಜಾಗ ಬದಲಾಗಬಾರದು.

ಹೊತ್ತಿನ ವಿಷಯದಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಗಡಿಯಾರ ನೋಡಿ ಏಳು ಗಂಟೆಗೆ ಎಂದು ನಿಗದಿ ಮಾಡುತ್ತಾರೆ. ಫೆಬ್ರವರಿ ಮೊದಲಿಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಕೆಲವೇ ನಿಮಿಷ ಇರುವಾಗ. ಮಾರ್ಚ್ ಕೊನೆಗೆ ಆರೂವರೆಗೂ ಮೊದಲೇ ಹುಟ್ಟುತ್ತಾನೆ. ಹಕ್ಕಿಗಳು ನಡೆಯುವುದು ಬೆಳಕಿನ ಲೆಕ್ಕದಲ್ಲಿ. ಆದ್ದರಿಂದ ಸೂರ್ಯೋದಯದಿಂದ ಹದಿನೈದು ನಿಮಿಷ, ಸಂಜೆ ಸೂರ್ಯ ಮುಳುಗುವ ಮೊದಲು ಹದಿನೈದು ನಿಮಿಷ ಎಂದು ಇಟ್ಟುಕೊಳ್ಳಿ. ಎರಡೂ ಆಗದಿದ್ದರೆ ಬೆಳಗಿನದನ್ನು ಬಿಡಬೇಡಿ.

ಬೈನಾಕ್ಯುಲರ್ ಇದ್ದರೆ 8×42 ಅಳತೆಯದು ತೋಟದ ನೆರಳಿಗೆ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಕೊಡಗಿನ ದಟ್ಟ ಮರಗಳಲ್ಲಿ ಅರ್ಧ ಕೆಲಸ ಕಿವಿಯದು.

ಪುಟದಲ್ಲಿ ಏನಿರಬೇಕು

ಒಂದು ಉದ್ದ ನೋಟ್‌ಬುಕ್ ಸಾಕು. ನನ್ನ ಒಂದು ದಿನದ ಪುಟ ಹೀಗಿರುತ್ತದೆ: ತಾರೀಕು, ಹೂಮಳೆಯಿಂದ ಎಷ್ಟನೇ ದಿನ, ಬೆಳಗಿನ ಕನಿಷ್ಠ ಉಷ್ಣತೆ, ನಿನ್ನೆಯ ಗರಿಷ್ಠ, ಮಳೆ, ಇಬ್ಬನಿ ಇತ್ತೋ ಇಲ್ಲವೋ, ಮಂಜು ಎಷ್ಟು ಹೊತ್ತಿಗೆ ಬಿಟ್ಟಿತು, ಗಾಳಿ ಯಾವ ಕಡೆಯಿಂದ. ಅದರ ಕೆಳಗೆ ಕಂಡದ್ದು, ಕೇಳಿದ್ದು. ಕೇಳಿದ್ದನ್ನು ಕಂಡದ್ದರೊಳಗೆ ಸೇರಿಸಬೇಡಿ, ಪಕ್ಕದಲ್ಲಿ "ಕೇ" ಎಂದು ಗುರುತು ಹಾಕಿ. ಮಳೆ ಬೀಳುವವರೆಗೆ ದಿನದ ಅಂಕಣ ಖಾಲಿ ಇರಲಿ. ಬಿದ್ದ ದಿನ ಸೊನ್ನೆ, ಮರುದಿನ ಒಂದು. ಮಳೆ ಬಿದ್ದ ಮೇಲೆ ಹಿಂದಿನ ಪುಟಗಳಿಗೂ ಹೋಗಿ "ಮಳೆಗೆ ನಾಲ್ಕು ದಿನ ಮೊದಲು", "ಮೂರು ದಿನ ಮೊದಲು" ಎಂದು ತುಂಬಿ.

ಇನ್ನೊಂದು ಅಂಕಣವನ್ನು ಮನೆಯ ಹಿರಿಯರಿಗಾಗಿ ಇಡಿ: ಮಳೆ ನಕ್ಷತ್ರ. ಸೂರ್ಯ ಶತಭಿಷಕ್ಕೆ ಬರುವುದು ಫೆಬ್ರವರಿ 19ರ ಹೊತ್ತಿಗೆ, ಪೂರ್ವಾಭಾದ್ರಕ್ಕೆ ಮಾರ್ಚ್ 4, ಉತ್ತರಾಭಾದ್ರಕ್ಕೆ ಮಾರ್ಚ್ 17 ಅಥವಾ 18, ರೇವತಿಗೆ 31, ಅಶ್ವಿನಿಗೆ ಏಪ್ರಿಲ್ 14ರ ಆಸುಪಾಸು. ನಮ್ಮ ದೊಡ್ಡಪ್ಪನವರಿಗೆ ಇಸವಿ ನೆನಪಿರುತ್ತಿರಲಿಲ್ಲ, "ಆ ವರ್ಷ ರೇವತಿಯಲ್ಲಿ ಆಲಿಕಲ್ಲು ಬಿತ್ತು" ಎಂಬುದು ಮಾತ್ರ ಅಚ್ಚಳಿಯದೆ ಇತ್ತು. ಈ ಅಂಕಣ ಇದ್ದರೆ ಹಿರಿಯರು ಹೇಳುವ ಮಾತನ್ನು ನಿಮ್ಮ ಪುಸ್ತಕದ ಜೊತೆ ಇಟ್ಟು ನೋಡಬಹುದು.

ಮಳೆ ಅಳೆಯುವುದು

ಇಲ್ಲಿ ತುಸು ನಿಲ್ಲಬೇಕು. ಮಳೆಯ ಅಳತೆ ತಪ್ಪಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ತೋಟದ ಮನೆಗಳಲ್ಲಿ ಮಳೆ ಮಾಪಕ ಇದ್ದೇ ಇರುತ್ತದೆ, ಮಾತು ಇಂಚು ಮತ್ತು ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟು. ಪತ್ರಿಕೆಯಲ್ಲಿ ಬರುವುದು ಮಿಲಿಮೀಟರ್. ಒಂದು ಇಂಚು 25.4 ಮಿ.ಮೀ., ಹಾಗಾಗಿ ನಾಲ್ಕು ಸೆಂಟು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಯಾವುದರಲ್ಲಿ ಬರೆದರೂ ಸರಿ, ಒಂದರಲ್ಲೇ ಬರೆಯಿರಿ.

ಮಾಪಕ ಇಲ್ಲದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಆಲಿಕೆ, ಒಂದು ಬಾಟಲಿ, ಮಿಲಿಲೀಟರ್ ಗುರುತಿರುವ ಒಂದು ಅಳತೆ ಲೋಟ ಬೇಕು. ಆಲಿಕೆಯ ಬಾಯಿಯ ಅಡ್ಡಳತೆ 11.3 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ ಸರಿಸುಮಾರು 100 ಚದರ ಸೆಂ.ಮೀ. ಆಗುತ್ತದೆ. ಆಗ ಬಾಟಲಿಯಲ್ಲಿ ಸೇರಿದ ಪ್ರತಿ 10 ಮಿ.ಲೀ. ನೀರು 1 ಮಿ.ಮೀ. ಮಳೆ. 250 ಮಿ.ಲೀ. ಸಿಕ್ಕಿದರೆ 25 ಮಿ.ಮೀ., ಅಂದರೆ ಸುಮಾರು ಒಂದು ಇಂಚು. ಬೇರೆ ಅಳತೆಯ ಆಲಿಕೆಯಾದರೆ ಮಿಲಿಲೀಟರನ್ನು ಬಾಯಿಯ ವಿಸ್ತೀರ್ಣದಿಂದ ಭಾಗಿಸಿ ಹತ್ತರಿಂದ ಗುಣಿಸಿ. ಬಾಟಲಿಯನ್ನು ನೆಲದಲ್ಲಿ ಅರ್ಧ ಹೂತು, ಆಲಿಕೆಯ ಅಂಚು ನೆಲದಿಂದ ಒಂದು ಅಡಿ ಮೇಲಿರುವಂತೆ ಮಟ್ಟವಾಗಿ ನಿಲ್ಲಿಸಿ.

ಎಲ್ಲಿ ಇಡಬೇಕೆಂಬುದೇ ಮುಖ್ಯ. ಮರ ಮೂವತ್ತು ಅಡಿ ಎತ್ತರವಿದ್ದರೆ ಮಾಪಕ ಅದರಿಂದ ಕನಿಷ್ಠ ಅರವತ್ತು ಅಡಿ ದೂರ ಇರಬೇಕು. ಮೊದಲ ವರ್ಷ ನಾನು ಸಿಲ್ವರ್ ಓಕ್ ಮರದ ಹತ್ತಿರವೇ ಒಂದು ಗೂಟಕ್ಕೆ ಕಟ್ಟಿದ್ದೆ. ನನಗೆ 60 ಸೆಂಟು ಸಿಕ್ಕಿದ ಸಂಜೆ ಆಚೆ ತೋಟದವರಿಗೆ ಒಂದು ಇಂಚು ದಾಟಿತ್ತು. ನಮ್ಮ ಮೇಲೆ ಮಳೆ ಕಡಿಮೆ ಬಿತ್ತೆಂದು ಪುಸ್ತಕದಲ್ಲಿ ಬರೆದೂ ಬಿಟ್ಟೆ. ಹೂವು ಮಾತ್ರ ಎರಡೂ ಕಡೆ ಒಂದೇ ರೀತಿ ಬಂದಾಗ ಅನುಮಾನವಾಯಿತು. ಮಾಪಕವನ್ನು ಕಣದ ನಡುವೆ ಇಟ್ಟ ಮೇಲೆ ಲೆಕ್ಕ ಕೂಡಿಬಂತು. ಉಳಿದ ನೀರನ್ನೆಲ್ಲ ಮರ ಎಲೆಯಲ್ಲೇ ಹಿಡಿದಿಟ್ಟುಕೊಂಡಿತ್ತು. ಕಣ ಇಲ್ಲದವರು ತಾರಸಿಯ ನಡುವೆ ಇಡಬಹುದು, ಸೂರಿನ ಹನಿ ಬೀಳುವಲ್ಲಿ ಮಾತ್ರ ಬೇಡ.

ಓದುವುದು ದಿನವೂ ಬೆಳಿಗ್ಗೆ 8.30ಕ್ಕೆ. ಹವಾಮಾನ ಇಲಾಖೆಯ ಮಳೆ ಲೆಕ್ಕದ ದಿನ ಮುಗಿಯುವುದೂ ಅದೇ ಹೊತ್ತಿಗೆ, ನಿಮ್ಮ ಅಂಕಿಯನ್ನು ಅವರದಕ್ಕೆ ಹೋಲಿಸಬಹುದು. ಅವರ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ಮಳೆ ದಿನ. ನೀವು ಎರಡು ಹನಿ ಬಿದ್ದದ್ದನ್ನೂ ಬರೆಯಿರಿ. ಆಲಿಕಲ್ಲು ಬಿದ್ದರೆ ಕರಗುವವರೆಗೆ ಕಾದು ಅಳೆಯಿರಿ.

ಥರ್ಮಾಮೀಟರ್ ಸದಾ ನೆರಳಲ್ಲಿರಲಿ, ನಾಲ್ಕೈದು ಅಡಿ ಎತ್ತರದಲ್ಲಿ, ಗಾಳಿಯಾಡುವ ಕಡೆ. ಶೀಟ್ ಹೊದೆಸಿದ ಮಾಡಿನ ಕೆಳಗೆ ತೂಗಿದರೆ ಅದು ಶೀಟಿನ ಬಿಸಿಯನ್ನು ತೋರಿಸುತ್ತದೆ.

ಒಣ ದಿನಗಳಲ್ಲಿ: ಹಾಲುವಾಣದ ಕೆಳಗೆ

ಮಳೆ ಬರುವ ಮೊದಲಿನ ಎರಡು ಮೂರು ವಾರ ನೋಡಲು ಏನೂ ಇಲ್ಲವೆಂದು ಅನಿಸಬಹುದು. ನೆಲ ಬಿರುಕು ಬಿಟ್ಟಿರುತ್ತದೆ, ಕಾಫಿ ಎಲೆ ಜೋತು ಬಿದ್ದಿರುತ್ತದೆ, ಕರಿಮೆಣಸು ಕೊಯ್ಯುವ ಏಣಿಗಳು ಮರದಿಂದ ಮರಕ್ಕೆ ಹೋಗುತ್ತಿರುತ್ತವೆ. ತಲೆ ಎತ್ತಿ ನೋಡಿ. ಎಲೆ ಉದುರಿಸಿಕೊಂಡು ಬೋಳಾದ ಹಾಲುವಾಣದ ತುಂಬ ಕೆಂಪು ಹೂವು. ಕಾಫಿಗೆ ನೆರಳೆಂದು ನೆಟ್ಟ ಈ ಮುಳ್ಳಿನ ಮರ ಬರಗಾಲದಲ್ಲಿ ಹಕ್ಕಿಗಳ ಊಟದ ಮನೆ.

ಎಲೆ ಇಲ್ಲದ್ದರಿಂದ ಹಕ್ಕಿ ಗುರುತಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮರ ಇನ್ನೊಂದಿಲ್ಲ. ಒಂದು ಕೊಂಬೆ ಆರಿಸಿ ಹತ್ತು ನಿಮಿಷ ಅದನ್ನೇ ನೋಡಿ, ಯಾರು ಬಂದರು, ಯಾರು ಯಾರನ್ನು ಓಡಿಸಿದರು ಬರೆಯಿರಿ. ನಮ್ಮ ಮರದಲ್ಲಿ ಬೆಳಿಗ್ಗೆ ಮೊದಲು ಬರುವುದು ಕಾಜಾಣ. ಆಮೇಲೆ ಗೊರವಂಕಗಳ ಗುಂಪು, ಗಲಾಟೆಯೋ ಗಲಾಟೆ. ಅವು ಬಂದಾಗ ಸೂರಕ್ಕಿ ತುದಿಯ ಸಣ್ಣ ಗೊಂಚಲಿಗೆ ಸರಿಯುತ್ತದೆ. ಎಲೆಹಕ್ಕಿ ಹಸಿರಾಗಿರುವುದರಿಂದ ಬೇರೆ ಮರದಲ್ಲಿ ಕಣ್ಣಿಗೇ ಬೀಳುವುದಿಲ್ಲ, ಇಲ್ಲಿ ಕೆಂಪಿನ ಮೇಲೆ ಎದ್ದು ಕಾಣುತ್ತದೆ. ಬಾಲದಲ್ಲಿ ಎರಡು ಗರಿ ತೂಗಾಡಿಸಿಕೊಂಡು ಭೀಮರಾಜ ಬಂದರೆ ಕೇಳಿಸಿಕೊಳ್ಳುವಾಗ ಜಾಗ್ರತೆ: ಅದು ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ. "ಕೇ" ಗುರುತು ಇಟ್ಟುಕೊಳ್ಳಿ ಎಂದದ್ದು ಇದಕ್ಕೂ ಹೌದು.

ಕುಟ್ರು ಹಕ್ಕಿ ಈ ದಿನಗಳಲ್ಲಿ ಬೆಳಗಿನಿಂದ ಸಂಜೆವರೆಗೆ "ಕುಟ್ರೂ ಕುಟ್ರೂ" ಎನ್ನುತ್ತಲೇ ಇರುತ್ತದೆ. ಕೂಗು ಬಂದ ಕಡೆ ಒಣಗಿದ ಮೆದು ಕೊಂಬೆಯನ್ನು ಹುಡುಕಿ. ಕೊಂಬೆಯ ಕೆಳಬದಿಯಲ್ಲಿ ದುಂಡನೆಯ ತೂತು, ನೆಲದಲ್ಲಿ ಹೊಸ ಮರದ ಪುಡಿ ಕಂಡರೆ ಗೂಡು ಕೊರೆಯುತ್ತಿದೆ ಎಂದರ್ಥ. ನೆರಳು ಕಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸುವವರು ಅಂಥ ಒಂದೆರಡು ಒಣ ಕೊಂಬೆಗಳನ್ನು ದಾರಿಯಿಂದ ದೂರ ಇರುವ ಕಡೆ ಹಾಗೇ ಬಿಡಿಸಿ. ಕುಟ್ರು ಬಿಟ್ಟ ತೂತಿಗೆ ಆಮೇಲೆ ಬೇರೆಯವರು ಬರುತ್ತಾರೆ.

ಬಂದವರನ್ನು ಬರೆಯುವಷ್ಟೇ ಮುಖ್ಯ ಹೋಗುವವರನ್ನು ಬರೆಯುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಬಂದು ಅಂಗಳದಲ್ಲಿ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆ, ಕಾಫಿ ಬುಡದ ತರಗೆಲೆ ಕೆದಕುತ್ತಿದ್ದ ನವರಂಗ, ಇವೆರಡೂ ಚಳಿಗಾಲದ ಅತಿಥಿಗಳು. ಬಂದ ದಿನ ತಟ್ಟನೆ ಕಾಣುತ್ತದೆ, ಹೋದ ದಿನ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಫೆಬ್ರವರಿಯಿಂದ ಪ್ರತಿದಿನ "ಸಿಪಿಲೆ ಇದೆ", "ನವರಂಗ ಕೇಳಿತು" ಎಂದು ಬರೆಯುತ್ತ ಹೋಗಿ. ಕೊನೆಯ ನಮೂದೇ ಅವು ಹೊರಟ ತಾರೀಕು.

ಒಂದು ತಟ್ಟೆ ನೀರು ಇಡಿ. ಎರಡು ಇಂಚಿಗಿಂತ ಆಳ ಬೇಡ, ಕೂರಲು ಒಂದು ಕಲ್ಲು ಇರಲಿ. ಬೆಕ್ಕು ಹೊಂಚು ಹಾಕುವ ಪೊದೆಯಿಂದ ಆರೇಳು ಅಡಿ ದೂರ ಇರಲಿ. ದಿನವೂ ನೀರು ಚೆಲ್ಲಿ ತಟ್ಟೆ ಉಜ್ಜಿ ತುಂಬಿ, ಸೊಳ್ಳೆಗೆ ಅವಕಾಶವಾಗುವುದಿಲ್ಲ.

ಮಳೆ ಬರುವ ಸೂಚನೆ

ಮಧ್ಯಾಹ್ನ ಮೂರಕ್ಕೆ ಒಮ್ಮೆ ಆಕಾಶ ನೋಡುವ ಅಭ್ಯಾಸ ಮಾಡಿಕೊಳ್ಳಿ. ಈ ಕಾಲದ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಬಿಸಿಲಿಗೆ ಕಾದ ನೆಲದಿಂದ ಎದ್ದ ಮೋಡದ್ದು. ಹತ್ತಿಯ ಮೂಟೆಯಂಥ ಮೋಡ ಅಡ್ಡಕ್ಕೆ ಹರಡುತ್ತಿದೆಯೋ ಮೇಲಕ್ಕೆ ಏರುತ್ತಿದೆಯೋ ನೋಡಿ. ಮೇಲಕ್ಕೆ ಏರಿ ತಳ ಕಪ್ಪಾದರೆ ಆಸೆ ಇಟ್ಟುಕೊಳ್ಳಬಹುದು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವೆಂದು ತಿಳಿಯುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಪುಸ್ತಕ ಮುಚ್ಚಿ ಒಳಗೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ. ಒಂಟಿ ಮರದ ಕೆಳಗೆ ಖಂಡಿತ ನಿಲ್ಲಬೇಡಿ.

ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ, ಚಂದ್ರನ ಸುತ್ತ ಬಳೆ ಕಂಡರೆ ಮಳೆ ಎಂದು ಮನೆಯಲ್ಲಿ ಹೇಳುವುದುಂಟು. ಇವನ್ನು ಸುಮ್ಮನೆ ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ. ಇರುವೆ ಸಾಗಿದ ಪ್ರತಿ ದಿನವನ್ನೂ ಬರೆಯಿರಿ, ಮಳೆ ಬಂದದ್ದನ್ನೂ ಬರದಿದ್ದದ್ದನ್ನೂ. ಬಂದದ್ದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ, ಬರದಿದ್ದದ್ದನ್ನು ಉಳಿಸಿಕೊಳ್ಳಲು ಪುಸ್ತಕವೇ ಬೇಕು.

ಸೊನ್ನೆಯಿಂದ ಹತ್ತನೇ ದಿನದವರೆಗೆ

ಮಳೆ ಬಿದ್ದ ಸಂಜೆ ಮನೆಯೊಳಗೆ ಕೂರಬೇಡಿ. ಗುಡುಗು ನಿಂತು ಅರ್ಧ ಗಂಟೆ ಕಳೆದ ಮೇಲೆ ಜಗಲಿಗೆ ಬನ್ನಿ, ದೀಪ ಒಂದು ಉರಿಯುತ್ತಿರಲಿ. ಮಣ್ಣಿನ ವಾಸನೆಯ ಹಿಂದೆಯೇ ರೆಕ್ಕೆ ಬಂದ ಗೆದ್ದಲು, ಈಚಲು ಹುಳ, ನೆಲದ ತೂತುಗಳಿಂದ ಹೊಗೆಯಂತೆ ಏಳಬಹುದು. ಗೋಡೆಯ ಮೇಲೆ ಹಲ್ಲಿ, ಕೆಳಗೆ ನೆಲಗಪ್ಪೆ, ಎರಡಕ್ಕೂ ಹಬ್ಬ. ಕಾಫಿ ಗಿಡಗಳ ನಡುವಿಂದ "ಟಿಕ್ ಟಿಕ್" ಎಂಬ ಸದ್ದು ಕೇಳಿದರೆ ಅದು ಹೆಬ್ಬೆರಳ ಉಗುರಿನಷ್ಟು ಚಿಕ್ಕ ಪೊದೆಗಪ್ಪೆ ಇರಬಹುದು. ಇವುಗಳಲ್ಲಿ ಹಲವು ಜಾತಿಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆ ಬರುತ್ತದೆ. ಮೊದಲ ಕಪ್ಪೆ ಕೂಗಿದ ಗಂಟೆಯನ್ನು ಬರೆದಿಡಿ. ದೀಪವನ್ನು ಒಂದು ಗಂಟೆಗಿಂತ ಹೆಚ್ಚು ಉರಿಸಬೇಡಿ, ಹುಳುಗಳು ಸುಮ್ಮನೆ ಸಾಯುತ್ತವೆ.

ಮರುದಿನ 8.30ಕ್ಕೆ ಅಳತೆ. ರೊಬಸ್ಟಾ ಜಾತಿಯ ಕಾಫಿಯಲ್ಲಿ ಹೂವು ಚೆನ್ನಾಗಿ ಬರಲು ಸುಮಾರು ಒಂದು ಇಂಚು ಬೇಕು, ಅರೆಬರೆ ಮಳೆಯಾದರೆ ಹೂವೂ ಅರೆಬರೆ. ಅಂದಿನಿಂದ ಒಂದೇ ಗಿಡದ ಒಂದೇ ರೆಕ್ಕೆಗೆ, ಅಂದರೆ ಅಡ್ಡಕ್ಕೆ ಚಾಚಿದ ಕೊಂಬೆಗೆ, ಬಣ್ಣದ ದಾರ ಕಟ್ಟಿ ದಿನವೂ ಅದನ್ನೇ ನೋಡಿ. ಎಲೆ ಸಂದಿಯಲ್ಲಿ ಒಣಗಿದಂತೆ ಕೂತಿದ್ದ ಹಸಿರು ಮೊಗ್ಗು ಮೂರು ನಾಲ್ಕು ದಿನದಲ್ಲಿ ಉಬ್ಬುತ್ತದೆ. ಆಮೇಲೆ ದೀಪದ ಬತ್ತಿಯಂತೆ ಉದ್ದವಾಗಿ, ಹಸಿರು ಹೋಗಿ ಬೆಳ್ಳಗಾಗುತ್ತದೆ. ಎಂಟರಿಂದ ಹತ್ತನೇ ದಿನದೊಳಗೆ, ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮಲ್ಲಿಗೆಯಂಥ ವಾಸನೆ ಮನೆಯೊಳಗೇ ಬಂದಿರುತ್ತದೆ. ದಾರ ಕಟ್ಟಿದ ರೆಕ್ಕೆಯಲ್ಲಿ ಗಂಟು ಗಂಟಿಗೂ ಬಿಳಿ ಚೆಂಡು, ಪ್ರತಿ ಹೂವಿಗೆ ಐದಾರು ಸಣ್ಣ ಎಸಳು, ಅವುಗಳ ಮೇಲೆ ಇನ್ನೂ ಆರದ ಇಬ್ಬನಿ. ಎರಡು ಮೂರು ದಿನದಲ್ಲಿ ಎಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಎಷ್ಟೇ ಕೆಲಸವಿದ್ದರೂ ಅರಳಿದ ಮೊದಲ ಬೆಳಿಗ್ಗೆಯನ್ನು ಇದಕ್ಕೆಂದೇ ಬಿಡುವು ಮಾಡಿಕೊಳ್ಳಿ.

ಆ ಬೆಳಿಗ್ಗೆ ಜೇನು ಎಣಿಸುವ ಕ್ರಮ ಹೇಳುತ್ತೇನೆ. ದಾರ ಕಟ್ಟಿದ ರೆಕ್ಕೆಯ ಮುಂದೆ ಕೂತು ಐದು ನಿಮಿಷ ಗಡಿಯಾರ ಹಿಡಿದು, ಹೂವಿನ ಮೇಲೆ ಕೂತ ಪ್ರತಿ ಜೇನಿಗೂ ಒಂದು ಗೆರೆ ಎಳೆಯಿರಿ. ಎಂಟಕ್ಕೊಮ್ಮೆ, ಹತ್ತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ. ದೊಡ್ಡದು ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕುವ ಮಧ್ಯಮ ಗಾತ್ರದ್ದು ತುಡುವೆ, ಇರುವೆಯಷ್ಟು ಚಿಕ್ಕ ಕಪ್ಪನೆಯದು ಮುಜಂಟಿ. ಮೂರಕ್ಕೂ ಬೇರೆ ಬೇರೆ ಸಾಲು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. 1990ರ ದಶಕದ ಮೊದಲಲ್ಲಿ ತುಡುವೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕೊಡಗಿನಲ್ಲಿ ಜೇನುಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಆ ಕಾಲ ಕಂಡವರು ಇವತ್ತಿಗೂ ಹೂವು ನೋಡುವ ಮೊದಲು ಗುಂಯ್‌ಗುಡುವ ಸದ್ದಿಗೆ ಕಿವಿ ಕೊಡುತ್ತಾರೆ. ಅರಳಿರುವ ದಿನಗಳಲ್ಲಿ ಯಾವ ಔಷಧವನ್ನೂ ಸಿಂಪಡಿಸಬೇಡಿ.

ಅರಳಿದ ದಿನವೇ ಮತ್ತೆ ಮಳೆ ಬಂದರೆ ಪರಾಗ ತೊಳೆದುಹೋಗಿ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಅದನ್ನೂ ಬರೆಯಿರಿ. ಕಟ್ಟಿದ ಕಾಯಿ ನಿಲ್ಲಲು ಎರಡು ಮೂರು ವಾರದ ಮೇಲೆ ಬರಬೇಕಾದ ಎರಡನೇ ಮಳೆಗೆ, ಅಂದರೆ ಬ್ಯಾಕಿಂಗ್ ಮಳೆಗೆ, ಪ್ರತ್ಯೇಕ ಗುರುತು ಇರಲಿ.

ಒಂದು ಎಚ್ಚರ: ಪಕ್ಕದ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂವು ಬರಿಸಿದ್ದರೆ ನಿಮ್ಮ ಲೆಕ್ಕ ಕಲಸಿಹೋಗುತ್ತದೆ. ಅಲ್ಲಿ ಮೊದಲೇ ಅರಳಿದರೆ ಜೇನೆಲ್ಲ ಅಲ್ಲಿಗೇ ಹೋಗಿರುತ್ತವೆ. ಅವರು ನೀರು ಹಾಯಿಸಿದ ತಾರೀಕು ಕೇಳಿ ಬರೆದುಕೊಳ್ಳಿ.

ಗೂಡು ಸಿಕ್ಕಿದರೆ

ಕೆಂಪು ಕೆನ್ನೆ, ಚೂಪು ಜುಟ್ಟಿನ ಪಿಕಳಾರ ನಮ್ಮ ದಾಸವಾಳದಲ್ಲಿ ಗೂಡು ಕಟ್ಟಿತ್ತು. ಬಟ್ಟಲಿನಂಥ ಪುಟ್ಟ ಗೂಡು, ಒಳಗೆ ನಸುಗುಲಾಬಿ ಬಣ್ಣದ ಮೇಲೆ ಕೆಂಗಂದು ಚುಕ್ಕಿಗಳ ಮೂರು ಮೊಟ್ಟೆ. ಸಂಭ್ರಮ ತಡೆಯಲಾರದೆ ದಿನಕ್ಕೆ ಎರಡು ಸಲ ಎಲೆ ಸರಿಸಿ ಫೋನಿನಲ್ಲಿ ಫೋಟೊ ತೆಗೆದೆ. ಐದನೇ ದಿನ ಗೂಡು ಖಾಲಿ, ಕೆಳಗೆ ಒಂದು ಚಿಪ್ಪು. ಹಿಂದಿನ ಸಂಜೆ ಅದೇ ಬೇಲಿಯಲ್ಲಿ ಕೆಂಬೂತ ಓಡಾಡಿದ್ದನ್ನು ನಾನೇ ಪುಸ್ತಕದಲ್ಲಿ ಬರೆದಿದ್ದೆ. ನಾನು ಸರಿಸಿದ ಎಲೆಗಳೇ ಅದಕ್ಕೆ ದಾರಿ ತೋರಿದವೆಂದು ಈಗಲೂ ನಂಬಿದ್ದೇನೆ, ಆ ಪುಟ ನೋಡಿದಾಗ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಗೂಡಿನಿಂದ ಇಪ್ಪತ್ತು ಅಡಿ ದೂರದಲ್ಲೇ ಕುಳಿತು ನೋಡಿ. ಪಿಕಳಾರ ಕಾವು ಕೂರುವುದು ಸುಮಾರು ಹನ್ನೆರಡು ದಿನ, ಮರಿ ಗೂಡು ಬಿಡಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನ. ತಾಯಿ ತಂದೆ ಬಾಯಲ್ಲಿ ಹುಳ ಹಿಡಿದು ಬರತೊಡಗಿದರೆ ಮೊಟ್ಟೆ ಒಡೆದಿದೆಯೆಂದು ಒಳಗೆ ಇಣುಕದೆಯೇ ತಿಳಿಯುತ್ತದೆ. ಅಲ್ಲಿಯವರೆಗೆ ಆ ಬೇಲಿ ಸವರುವುದನ್ನು ಮುಂದಕ್ಕೆ ಹಾಕಿ.

ಸುರಕ್ಷತೆ

ಕಾಡಂಚಿನ ಮನೆಯವರು ಬೆಳಗಿನ ಕತ್ತಲಲ್ಲಿ ಹೊರಡುವ ಮೊದಲು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆನೆ ಸುದ್ದಿ ಇದೆಯೇ ನೋಡಿ. ಈ ತಿಂಗಳುಗಳಲ್ಲಿ ತೋಟದ ಕೆರೆಯ ನೀರಿಗೂ ಹಲಸಿಗೂ ಅವು ಬರುತ್ತವೆ. ಅನುಮಾನವಿದ್ದರೆ ಅಂದಿನ ನೋಟ ಕಿಟಕಿಯಿಂದಲೇ ಆಗಲಿ. ತರಗೆಲೆಯ ಮೇಲೆ ಬರಿಗಾಲು ಬೇಡ, ಕೊಳಕುಮಂಡಲ ಎಲೆಯ ಬಣ್ಣದಲ್ಲೇ ಮಲಗಿರುತ್ತದೆ. ಬೂಟು, ಟಾರ್ಚು, ಕೈಯಲ್ಲಿ ಒಂದು ಕೋಲು ಇರಲಿ.

ಪುಸ್ತಕವನ್ನು ಹೊರಗೆ ತರುವುದು

ಫೆಬ್ರವರಿ ನಡುವೆ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಹದಿನೈದು ನಿಮಿಷದ ಪಟ್ಟಿ ಸಾಕು, ನೀವು ದಿನವೂ ಮಾಡುತ್ತಿರುವುದೇ ಅದು. ಇ-ಬರ್ಡ್ ಆ್ಯಪ್‌ನಲ್ಲಿ ಸೇರಿಸಿ. ಮರಗಳ ಹೂವು, ಕಾಯಿ, ಚಿಗುರಿನ ಲೆಕ್ಕಕ್ಕೆ ಸೀಸನ್‌ವಾಚ್ ಇದೆ, ನಿಮ್ಮ ಹಾಲುವಾಣವನ್ನೋ ಹಲಸನ್ನೋ ಆರಿಸಿ ವಾರಕ್ಕೊಮ್ಮೆ ಬರೆಯಬಹುದು. ಗೂಡಿನ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ.

ಎಡ್‌ಮ್ಯಾರ್ ಒಂದರ ಹೊತ್ತಿಗೆ ಒಂದು ಖಾಲಿ ಪುಟ ತೆಗೆದು ಆರು ಸಾಲು ಬರೆಯಿರಿ: ಹೂಮಳೆಯ ತಾರೀಕು ಮತ್ತು ಅಳತೆ, ಮೊದಲ ಕಪ್ಪೆ, ಹೂವು ಅರಳಿದ್ದು ಎಷ್ಟನೇ ದಿನ, ಅಂದು ಹತ್ತು ಗಂಟೆಗೆ ಐದು ನಿಮಿಷದಲ್ಲಿ ಕೂತ ಜೇನು, ಬ್ಯಾಕಿಂಗ್ ಮಳೆ, ಸಿಪಿಲೆಯನ್ನು ಕೊನೆಯದಾಗಿ ಕಂಡ ದಿನ. ಮುಂದಿನ ವರ್ಷದ ನೋಟ್‌ಬುಕ್ ಕೊಂಡಾಗ ಈ ಪುಟವನ್ನು ಕತ್ತರಿಸಿ ಅದರ ಒಳರಟ್ಟಿಗೆ ಅಂಟಿಸಿ.